ಬಿಸ್ಕತ್ತಿನ ಡಬ್ಬಿಯ ಮಾತ್ರೆಗಳು

ಮನೆ, ಹಿಂದಿನ ಕೋಣೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಅಮ್ಮಾ,

ನಿನ್ನ ದೊಡ್ಡ ಮಗಳ ನಮಸ್ಕಾರ. ಹೇಗಿದ್ದೀಯ? ಪಾದ ಜುಮ್ಮೆನ್ನುವುದು ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ? ತೂಕ ಏರಿದೆಯೇ? ಪಕ್ಕದ ಹಾಸಿಗೆಯ ಟೀಚರಮ್ಮ ಇನ್ನೂ ಚಳಿ ಚಳಿ ಎಂದು ಕಿಟಕಿ ಮುಚ್ಚಿಸಿ ನರ್ಸುಗಳ ಹತ್ತಿರ ಬೈಸಿಕೊಳ್ಳುತ್ತಿದ್ದಾರೆಯೇ? ಇದನ್ನೆಲ್ಲ ಫೋನಿನಲ್ಲೇ ಕೇಳುತ್ತಿದ್ದೆ. ಮಂಗಳವಾರದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಅಪ್ಪನದ್ದು ಎತ್ತುತ್ತೀಯ, ಪುಟ್ಟಿಯ ಜೊತೆ ಅರ್ಧ ಗಂಟೆ ಹರಟುತ್ತೀಯ, ನಾನು ಕೈಗೆ ತೆಗೆದುಕೊಂಡರೆ ಕಟ್. ಅದಕ್ಕೇ ಕಾಗದ. ಇದನ್ನು ಹರಿದು ಹಾಕಬಹುದು ನಿಜ, ಆದರೆ ಸಾಮಾನು ಕಟ್ಟಿಕೊಟ್ಟ ಹಳೇ ಪೇಪರನ್ನೂ ಬಿಡಿಸಿ ಓದುವವಳು ನೀನು, ಓದದೆ ಹರಿಯಲಾರೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನಿಗೆ ಈ ವಾರ ಬೆಳಗಿನ ಪಾಳಿ, ಐದಕ್ಕೇ ಬಸ್ಸು ತೆಗೆಯಬೇಕು. ಅಜ್ಜಿಗೆ ಬೇಡವಾದದ್ದು ಕೇಳಿಸುವುದಿಲ್ಲ, ಬೇಕಾದದ್ದು ಪಕ್ಕದ ಮನೆಯಲ್ಲಿ ಆಡಿದರೂ ಕೇಳಿಸುತ್ತದೆ. ಪುಟ್ಟಿಯ ಮುಂದಿನ ಹಲ್ಲು ಬಿತ್ತು, ಈಗ ಅವಳು ನಕ್ಕರೆ ಗಾಳಿ ಬರುತ್ತದೆ. ನಾನು ಬೇಕರಿ ಬಿಟ್ಟೆ. ಹಳೇ ಬನ್ನಿಗೆ ಹೊಸ ತಾರೀಕು ಅಂಟಿಸು ಎಂದರು, ಆಗುವುದಿಲ್ಲ ಎಂದೆ. ಈಗ ಟೈರ್ ಅಂಗಡಿ. ಸ್ಕೂಲು ಬಿಟ್ಟ ಮೇಲೆ ಇದು ನಾಲ್ಕನೇ ಕೆಲಸ ಎಂದು ನೀನು ಲೆಕ್ಕ ಹಾಕುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿ ಟ್ಯೂಬನ್ನು ನೀರಿಗೆ ಅದ್ದಿದರೆ ತೂತು ಎಲ್ಲಿದೆ ಎಂದು ಅದೇ ಗುಳ್ಳೆ ಬಿಟ್ಟು ತೋರಿಸುತ್ತದೆ, ಯಾರೂ ಅದನ್ನು ಚಾಡಿಕೋರ ಎನ್ನುವುದಿಲ್ಲ. ಕೆಲಸ ಹಿಡಿಸಿದೆ.

ಇನ್ನು ವಿಷಯ. ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಏಕೆಂದರೆ ಅಧ್ಯಯನದ ನರ್ಸಕ್ಕ ವಾರ್ಡಿಗೆ ಬಂದು ಕೇಳಿದಾಗ ನೀನು "ಅಂಥದ್ದೇನೂ ನಡೆದೇ ಇಲ್ಲ, ನಮ್ಮ ಹುಡುಗಿಗೆ ಮೊದಲಿಂದಲೂ ಕಥೆ ಕಟ್ಟೋ ಚಾಳಿ" ಎಂದೆಯಂತೆ. ನಾನು ಸ್ಕೂಲು ಬಿಟ್ಟವಳು, ಕೆಲಸ ಬಿಟ್ಟವಳು. ಕಥೆ ಕಟ್ಟಿದ್ದು ಮಾತ್ರ ನೆನಪಿಲ್ಲ.

ನಿನಗೆ ಬಂದಿರುವುದು ಮಾಮೂಲಿ ಮಾತ್ರೆಗೆ ಬಗ್ಗದ ಜಾತಿಯ ಕ್ಷಯ. ನಿನ್ನನ್ನು ಸೇರಿಸಿಕೊಂಡ ವಾರವೇ ಡಾಕ್ಟರು ನಮ್ಮ ನಾಲ್ವರನ್ನೂ ಕರೆಸಿದರು. ರೋಗಿಯ ಜೊತೆ ಒಂದೇ ಮನೆಯಲ್ಲಿ ಉಸಿರಾಡಿದವರಿಗೆ ಅದು ಅಂಟದ ಹಾಗೆ ಒಂದು ಮಾತ್ರೆ ತಡೆಯುತ್ತದೆಯೇ ಎಂದು ನೋಡುವ ಅಧ್ಯಯನ. ಕೆಲವರಿಗೆ ಔಷಧಿ, ಕೆಲವರಿಗೆ ಔಷಧಿಯಿಲ್ಲದ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ಕಂಪ್ಯೂಟರು ತೀರ್ಮಾನಿಸುತ್ತದೆ, ಡಾಕ್ಟರಿಗೂ ತಿಳಿಯದು, ಗುಟ್ಟು ಔಷಧಿ ಕೋಣೆಯ ಮುಚ್ಚಿದ ಲಕೋಟೆಯಲ್ಲಿರುತ್ತದೆ. ನಾಲ್ಕು ಬಾಟಲಿ, ನಾಲ್ಕು ನಂಬರು, ಒಂದೇ ಬಣ್ಣದ ಮಾತ್ರೆ. ದೊಡ್ಡವರಿಗೆ ದಿನಕ್ಕೆ ಮೂರು, ಪುಟ್ಟಿಗೆ ಒಂದು, ಆರು ತಿಂಗಳು. ಹದಿನಾಲ್ಕು ಪುಟದ ಒಪ್ಪಿಗೆ ಪತ್ರವನ್ನು ನಮ್ಮ ಮನೆಯಲ್ಲಿ ಪೂರ್ತಿ ಓದಿದವಳು ನಾನೊಬ್ಬಳೇ. ಪುಟ್ಟಿಯ ಪರವಾಗಿ ಸಹಿ ಹಾಕಿದವಳು ನೀನು, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಹೊರಾಂಗಣದ ಬೆಂಚಿನ ಮೇಲೆ.

ಎರಡು ತಿಂಗಳು ನರ್ಸಕ್ಕ ಮನೆಗೆ ಬಂದು ಉಳಿದ ಮಾತ್ರೆ ಎಣಿಸಿದಾಗಲೆಲ್ಲ ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. "ಇಷ್ಟು ಅಚ್ಚುಕಟ್ಟಾದ ಮನೆ ನಾನು ನೋಡೇ ಇಲ್ಲ!" ಅಪ್ಪನ ಕಿವಿ ಕೆಂಪಾಗುತ್ತಿತ್ತು. ನಾಚಿಕೆ ಎಂದುಕೊಂಡಿದ್ದೆ. ನನ್ನ ಮಾತ್ರೆಯನ್ನೂ ಪುಟ್ಟಿಯದನ್ನೂ ಅಪ್ಪನೇ ಪೊಟ್ಟಣ ಕಟ್ಟಿ ಕೊಡುತ್ತಿದ್ದರು, ನಾನು ಮರೆಯುತ್ತೇನೆಂದು.

ಗೊತ್ತಾದದ್ದು ಪುಟ್ಟಿಯಿಂದ. ಅವಳಿಗೆ ಮಾತ್ರೆ ನುಂಗಲು ಬರುವುದಿಲ್ಲವಲ್ಲ, ಚಮಚದಲ್ಲಿ ಪುಡಿ ಮಾಡಿ ಸಕ್ಕರೆ ಬೆರೆಸಿ ಕೊಡುತ್ತೇನೆ. ಒಂದು ದಿನ ಮುಖ ಹಿಂಡಿ "ಅಕ್ಕಾ, ಇವತ್ತಿಂದು ವಿಷ!" ಎಂದಳು. ಮಾರನೇ ದಿನ ಚಮಚ ನೆಕ್ಕಿ "ಇವತ್ತಿಂದು ಒಳ್ಳೇದು, ಇದನ್ನೇ ಕೊಡು ದಿನಾ" ಎಂದಳು. ನಾನೂ ನಾಲಿಗೆಗೆ ಮುಟ್ಟಿಸಿ ನೋಡಿದೆ. ಅವಳು ಹೇಳಿದ್ದು ಸರಿ. ಇಡಿಯಾಗಿ ನುಂಗಿದರೆ ಮೇಲಿನ ಲೇಪದಿಂದ ಎಲ್ಲವೂ ಒಂದೇ, ಪುಡಿ ಮಾಡಿದರೆ ಬೇರೆ ಬೇರೆ, ಒಂದು ಕಡು ಕಹಿ, ಇನ್ನೊಂದು ಸಪ್ಪೆ. ಒಂದು ಬಾಟಲಿಯಲ್ಲಿ ಎರಡು ರುಚಿ ಇರಲು ಹೇಗೆ ಸಾಧ್ಯ? ಇದಕ್ಕೆ ಹತ್ತನೇ ಕ್ಲಾಸು ಪಾಸಾಗಬೇಕಿಲ್ಲ.

ಹೋದ ಭಾನುವಾರ ಅಪ್ಪ ಮಾತ್ರೆ ಕಟ್ಟಲು ಕುಳಿತಾಗ ಬಾಗಿಲಲ್ಲಿ ನಿಂತು ನೋಡಿದೆ. ಬೀರುವಿನಿಂದ ಬಿಸ್ಕತ್ತಿನ ಡಬ್ಬಿ ಬಂತು. ನಾಲ್ಕು ಬಾಟಲಿಯ ಮಾತ್ರೆಯೂ ಅದರೊಳಗೆ, ಚೆನ್ನಾಗಿ ಕಲಸಿ. ನರ್ಸಕ್ಕ ಬರುವ ಹಿಂದಿನ ದಿನ ಲೆಕ್ಕಕ್ಕೆ ಸರಿಯಾಗಿ ವಾಪಸ್ಸು ತುಂಬಿಡುವುದು. ನನ್ನನ್ನು ಕಂಡು ಅಪ್ಪ ಬೆಚ್ಚಿದರು, ಆಮೇಲೆ ಮೆಲ್ಲಗೆ "ನಿಮ್ಮಮ್ಮ ಹೇಳಿದ್ದು" ಎಂದರು. ನೀನು ವಾರ್ಡಿನ ಕಿಟಕಿಯಿಂದ ಹೇಳಿದ ಮಾತನ್ನು ಹಾಗೇ ಒಪ್ಪಿಸಿದರು: "ಒಬ್ಬರಿಗೆ ಉಂಟು ಒಬ್ಬರಿಗಿಲ್ಲ ಅಂದ್ರೆ ಅದೆಂಥ ಮನೆ? ಎಲ್ಲಾ ಸೇರಿಸಿಬಿಡಿ. ಪುಟ್ಟಿಗೆ ಬರೀ ಹಿಟ್ಟೇ ಬಂದಿದ್ರೆ ನಾನು ಇಲ್ಲೇ ಸತ್ತೆ." ನಾನು ರುಚಿಯ ವಿಷಯ ಹೇಳಿದೆ. ಅಡುಗೆಮನೆಯಲ್ಲಿದ್ದ ಅಜ್ಜಿಗೆ ಅದು ಕೇಳಿಸಿತು. "ರುಚಿ ಗೊತ್ತಾಗುತ್ತೆ ಅಂದ್ರೆ ಒಂದೊಂದೇ ನೆಕ್ಕಿ ಆರಿಸೋಣ ಬಿಡು, ಕಹಿದೆಲ್ಲಾ ಮಗೂಗೆ" ಎಂದರು. ಮುನ್ನೂರು ಮಾತ್ರೆ. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ.

ನಾನು ಅಪ್ಪನಿಗೆ ಒಂದು ದಿನ ಟೈಮು ಕೊಟ್ಟೆ. ನೀವೇ ಹೇಳಿ, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದೆ. "ನಿನ್ನನ್ನು ಮೈಕು ಅಂತ ಕರೆಯೋದು ಸುಮ್ನೆ ಅಲ್ಲ. ನಮ್ಮನ್ನ ಅಧ್ಯಯನದಿಂದ ತೆಗೆದುಹಾಕ್ತಾರೆ, ನಿಮ್ಮಮ್ಮನ ಮೇಲೆ ಡಾಕ್ಟರಿಗೆ ಸಿಟ್ಟು ಬರುತ್ತೆ, ಆಮೇಲೆ ಅವಳನ್ನ ಯಾರು ನೋಡ್ತಾರೆ?" ಎಂದರು. ಭಯ ನನಗೂ ಇತ್ತು. ಸೋಮವಾರ ಆಸ್ಪತ್ರೆಗೆ ಹೋಗಿ ಹೇಳಿದೆ.

ನರ್ಸಕ್ಕ ಬೈಯಲಿಲ್ಲ. ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಹೇಳಿದ್ದನ್ನು ಟೈರ್ ಅಂಗಡಿಯ ಬಿಲ್ಲಿನ ಹಿಂದೆ ಬರೆದುಕೊಂಡಿದ್ದೇನೆ. ಒಂದು: ನಿನ್ನ ಚಿಕಿತ್ಸೆಗೂ ಈ ಅಧ್ಯಯನಕ್ಕೂ ಸಂಬಂಧವಿಲ್ಲ, ನಿನಗೆ ಕೊಡುವುದರಲ್ಲಿ ಒಂದು ಚೂರೂ ಬದಲಾಗುವುದಿಲ್ಲ. ಎರಡು: ನಮ್ಮನ್ನು ಯಾರೂ ಓಡಿಸುವುದಿಲ್ಲ, ತಪ್ಪನ್ನು ತಪ್ಪೆಂದು ಬರೆದಿಟ್ಟುಕೊಳ್ಳುತ್ತಾರೆ. ಮೂರನೆಯದು ಪುಟ್ಟಿಯದು. ಒಂದು ದಿನ ಔಷಧಿ ಸಿಕ್ಕಿ ಎರಡು ದಿನ ಸಿಗದಿದ್ದರೆ, ಮೈಯೊಳಗೆ ಕ್ರಿಮಿ ಅಡಗಿದ್ದರೆ ಅದು ಔಷಧಿಗೆ ಒಗ್ಗಿಕೊಳ್ಳಬಹುದು. ನೀನು ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗಲಿ ಎಂದೆ, ಇದು ಸ್ವಲ್ಪ ಸ್ವಲ್ಪ ಕೊಡಬಾರದ ವಸ್ತು. ಕಲಸಿದ್ದು ನಿಜವಾದರೆ ಅವಳ ಮಟ್ಟಿಗೆ ಲಕೋಟೆ ಒಡೆಸಿ, ಮತ್ತೊಮ್ಮೆ ಎದೆಯ ಫೋಟೋ ತೆಗೆದು, ಏನೂ ಇಲ್ಲದಿದ್ದರೆ ಅಧ್ಯಯನದ ಹೊರಗೆ ನಿಜವಾದ ಔಷಧಿಯನ್ನೇ ದಿನ ತಪ್ಪದೆ ಕೊಡುತ್ತೇವೆ, ತಿಂಗಳಿಗೊಮ್ಮೆ ನೋಡುತ್ತೇವೆ ಎಂದರು. ಅದು ಖಂಡಿತ ತಡೆಯುತ್ತದೆಯೇ ಎಂದು ಕೇಳಿದೆ. "ಗೊತ್ತಿಲ್ಲಮ್ಮಾ. ಗೊತ್ತಿದ್ರೆ ಅಧ್ಯಯನ ಯಾಕೆ ಮಾಡ್ತಿದ್ವಿ?" ಎಂದರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು, ನಂಬಿಕೆ ಬಂತು.

ಆದರೆ ನರ್ಸಕ್ಕ ಕೇಳಿದರೆ ಅಪ್ಪ ಇಲ್ಲ ಎಂದರು. ಅಜ್ಜಿಗೆ ಪ್ರಶ್ನೆ ಕೇಳಿಸಲಿಲ್ಲ. ನಿನ್ನನ್ನು ಕೇಳಿದರೆ ಕಥೆ ಎಂದೆ. ತೋರಿಸೋಣವೆಂದು ನಾನು ಡಬ್ಬಿ ತೆಗೆಯುವಷ್ಟರಲ್ಲಿ ಅದರಲ್ಲಿ ಬಿಸ್ಕತ್ತು ಇತ್ತು. ಮೂರು ಜನ ದೊಡ್ಡವರ ಮಾತಿನೆದುರು ನನ್ನದೊಂದು ಮಾತು. ಬರೀ ಅದರ ಮೇಲೆ ಮಗುವಿನ ಲಕೋಟೆ ಒಡೆಯಲಾಗದು, ಅವಳ ಪರವಾಗಿ ಸಹಿ ಹಾಕಿದವರೇ ಹೇಳಬೇಕು ಎಂದರು ಡಾಕ್ಟರು. ನೀನು ಇಲ್ಲ ಎನ್ನುತ್ತಿರುವವರೆಗೆ ಪುಟ್ಟಿಗೆ ಮತ್ತೆ ಅದೇ ನಂಬರಿನ ಹೊಸ ಬಾಟಲಿ ಬರುತ್ತದೆ. ಅದರಲ್ಲಿ ಹಿಟ್ಟಿದ್ದರೆ ಹಿಟ್ಟು, ಇನ್ನು ನಾಲ್ಕು ತಿಂಗಳು.

ನಿನ್ನ ಮೇಲೆ ಕೋಪವಿಲ್ಲ. ಮೊದಲೆರಡು ದಿನ ಇತ್ತು, ಟೈರ್ ಕಳಚುವ ಕೆಲಸದಲ್ಲಿ ಖರ್ಚಾಯಿತು. ನೀನು ಕೆಮ್ಮಿದಾಗಲೆಲ್ಲ ಪುಟ್ಟಿಯನ್ನು ಆಚೆ ತಳ್ಳುತ್ತಿದ್ದದ್ದು, ಅವಳು ಅತ್ತರೂ ಹತ್ತಿರ ಸೇರಿಸದೆ ಇದ್ದದ್ದು ನನಗೆ ಗೊತ್ತು. ಅಷ್ಟು ಮಾಡಿದವಳು ಒಂದು ಚೀಟಿಯ ಕೈಗೆ ಅವಳನ್ನು ಹೇಗೆ ಒಪ್ಪಿಸುತ್ತೀಯ? ಇದು ನನಗೆ ಅರ್ಥವಾಗುತ್ತದೆ. ಅರ್ಥವಾಯಿತೆಂದು ನಾನು ಸುಳ್ಳು ಹೇಳಲಾರೆ, ಅಷ್ಟೇ.

ಅಜ್ಜಿ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಕಿಟಕಿ ತೆರೆದೇ ಇಡಬೇಕಂತೆ. ಅಪ್ಪ ಏನೂ ತಿಳಿಸಿಲ್ಲ, ಸಂಜೆ ಭೇಟಿಯ ಹೊತ್ತಿಗೆ ಈ ಕಾಗದ ತರುವವರು ಅವರೇ. ಟೀಚರಮ್ಮನಿಗೂ ನನ್ನ ನಮಸ್ಕಾರ ಹೇಳು. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಮಗಳು,
ಮೈಕು

ಮರೆತೆ: ಕಾಗದದ ಜೊತೆ ಡಾಕ್ಟರು ಕೊಟ್ಟ ಒಂದು ಹಾಳೆ ಇಟ್ಟಿದ್ದೇನೆ, ಅದು ಪುಟ್ಟಿಯದು. ಮೇಲೆ ಅವಳ ನಂಬರು ಇದೆ, ಕೆಳಗೆ ನೀನು ಸಹಿ ಹಾಕುವ ಜಾಗ. ನಡುವೆ "ಏನಾಯಿತು, ನಿಮ್ಮ ಮಾತಿನಲ್ಲಿ ಬರೆಯಿರಿ" ಎಂದು ಐದು ಗೆರೆ ಬಿಟ್ಟಿದ್ದಾರೆ. ಅಲ್ಲಿ ನಾನು ಒಂದಕ್ಷರವೂ ಬರೆದಿಲ್ಲ, ಬರೆದರೆ ಅದು ಮತ್ತೆ ನನ್ನ ಕಥೆಯಾಗುತ್ತದೆ. ನಾಳೆ ಹನ್ನೊಂದಕ್ಕೆ ನರ್ಸಕ್ಕ ನಿನ್ನ ವಾರ್ಡಿಗೆ ಬರುತ್ತಾರೆ, ಅವರ ಕೈಗೇ ಕೊಡು. ನನ್ನ ಮೇಲಿನ ಸಿಟ್ಟು ಎಷ್ಟು ದಿನ ಬೇಕಾದರೂ ಇರಲಿ ಅಮ್ಮಾ, ಅದಕ್ಕೆ ಯಾರ ಸಹಿಯೂ ಬೇಕಿಲ್ಲ.