ಮೈಕಿನ ಕೆಳಗೆ ಕೂಗಿದ್ದು

ಅಕ್ಟೋಬರ್ ೧೪, ಸೋಮವಾರ
ಕನ್ನಡಕದ ಅಂಗಡಿಯಿಂದ

ಪ್ರೀತಿಯ ತಂಗಿಗೆ,

ಅಕ್ಕನ ಅಕ್ಕರೆಯ ನೆನಪುಗಳು. ನಿನ್ನ ಭಾವನ ಮಂಡಿನೋವೊಂದನ್ನು ಬಿಟ್ಟರೆ ನಾವಿಬ್ಬರೂ ಇಲ್ಲಿ ಕ್ಷೇಮ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಚೆನ್ನಾಗಿ ಬೈದುಬಿಡು, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಶಾಲೆಗಳಲ್ಲಿ ಮಕ್ಕಳ ಕಣ್ಣಿನ ಪರೀಕ್ಷೆ ನಡೆಯಿತು. ಅರ್ಧ ಮಕ್ಕಳಿಗೆ ಬೋರ್ಡು ಕಾಣುವುದಿಲ್ಲವಂತೆ. ಕಾಣದ ಹಾಗೆ ನಟಿಸಿದರೆ ಹೊಸ ಕನ್ನಡಕ ಸಿಗುತ್ತದೆ ಎಂದು ಇನ್ನರ್ಧ ಮಕ್ಕಳಿಗೆ ಗೊತ್ತಾಗಿದೆ. ಗಾಜು ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳೇ ಸವೆದುಹೋಗಿವೆ. ಇವತ್ತು ಬಾಗಿಲಿಗೆ ‘ಊಟಕ್ಕೆ ಹೋಗಿದ್ದೇನೆ’ ಎಂಬ ಹಲಗೆ ತಗುಲಿಸಿ ಒಳಗೆ ಕೂತು ಬರೆಯುತ್ತಿದ್ದೇನೆ. ಊಟ ಆಮೇಲೆ ಮಾಡಿದರಾಯಿತು.

ನಿನ್ನ ಪ್ರತಿ ಕಾಗದದ ಕೊನೆಗೂ ಒಂದೇ ಪ್ರಶ್ನೆ ಇರುತ್ತದೆ: ಗುಂಡನ ಸುದ್ದಿ ಏನಾದರೂ ಬಂತಾ? ನಿನ್ನ ಮಗ ಟ್ರಂಪೆಟ್ಟನ್ನು ಬಗಲಿಗೆ ಹಾಕಿಕೊಂಡು ಮನೆ ಬಿಟ್ಟು ಮೂರು ವರ್ಷವಾಯಿತು. ಅಷ್ಟು ದಿನವೂ ನಾನು ‘ಇಲ್ಲ’ ಎಂದೇ ಬರೆದೆ. ಈ ಸಲ ಇದೆ. ಹೆದರಬೇಡ, ಒಳ್ಳೆಯ ಸುದ್ದಿ. ಹುಡುಗ ಚೆನ್ನಾಗಿದ್ದಾನೆ. ನಿನ್ನೆ ಕಣ್ಣಾರೆ ನೋಡಿದೆ, ಕೈಯಾರೆ ಕಿವಿ ಹಿಂಡಿದೆ. ಈಗ ಒಂದು ಲೋಟ ನೀರು ಕುಡಿದು ಮುಂದೆ ಓದು. ಯಾವುದನ್ನೂ ಮೊದಲಿನಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲವೆಂದು ನಿನಗೆ ಗೊತ್ತೇ ಇದೆ.

ನಿನ್ನೆ ನಾನು ಬಿಡದೆ ಕೇಳಲು ಹೋಗುವ ಬ್ಯಾಂಡಿನ ಕಾರ್ಯಕ್ರಮವಿತ್ತು. ‘ಈ ವಯಸ್ಸಿನಲ್ಲಿ ಅಕ್ಕನಿಗೆ ಇದೊಂದು ಹುಚ್ಚು’ ಎಂದು ನೀನು ನಗುತ್ತೀಯಲ್ಲ, ಅದೇ ಬ್ಯಾಂಡು. ರೈಲು ಗಾಡಿಗಳನ್ನು ರಿಪೇರಿ ಮಾಡುತ್ತಿದ್ದ ಹಳೆಯ ಶೆಡ್ಡಿನಲ್ಲಿ, ಮಧ್ಯಾಹ್ನದ ಹೊತ್ತು. ತಗಡಿನ ಮಾಡು, ನೆಲದಲ್ಲಿ ಹಳಿಗಳು ಹಾಗೇ ಉಳಿದಿವೆ. ನೋಡಿಕೊಂಡು ಕಾಲಿಡದಿದ್ದರೆ ಮುಗ್ಗರಿಸುವುದೇ. ನಿನ್ನ ಭಾವ ಮಡಿಸುವ ಕುರ್ಚಿ, ಮಂಡಿಗೆ ಪಟ್ಟಿ, ಕಿವಿಗೆ ಹತ್ತಿ, ಎಲ್ಲ ಸಜ್ಜು ಮಾಡಿಕೊಂಡು ಹೊರಟರು. ಮದುವೆಯಾದಾಗಿನಿಂದ ನನ್ನ ಜೊತೆ ಬರುತ್ತಾರೆ, ಎರಡನೆಯ ಹಾಡಿಗೆ ನಿದ್ದೆ ಹೋಗುತ್ತಾರೆ. ಕೇಳಿದರೆ, “ನಿನ್ನ ಬ್ಯಾಂಡ್ ಕೊಡೋ ನಿದ್ದೆ ಯಾವ ಡಾಕ್ಟ್ರೂ ಕೊಡಲ್ಲ ಕಣೇ” ಅನ್ನುತ್ತಾರೆ.

ಇವರದು ಕಲಿತು ಒಪ್ಪಿಸುವ ಸಂಗೀತವಲ್ಲ. ಒಂದು ಹಾಡು ಹಿಡಿದರೆಂದರೆ ಅದು ಎಲ್ಲಿಗೆ ಹೋಗುತ್ತದೋ ಅವರಿಗೇ ತಿಳಿದಿರುವುದಿಲ್ಲ. ಒಬ್ಬ ಹಿಡಿದ ದಾರಿಯಲ್ಲಿ ಇನ್ನೊಬ್ಬ ಹೋಗಿ, ಮನಸಾರೆ ಸುತ್ತಾಡಿ, ಕೊನೆಗೆ ಹೇಗೋ ಎಲ್ಲರೂ ಹಾಡಿಗೆ ವಾಪಸಾಗುತ್ತಾರೆ. ಇವತ್ತು ನುಡಿಸಿದ್ದು ನಾಳೆ ಇಲ್ಲ. ಅದಕ್ಕೇ ಅಭಿಮಾನಿಗಳು ರೆಕಾರ್ಡ್ ಮಾಡಿಕೊಳ್ಳಲು ಅವರೇ ಒಪ್ಪಿದ್ದಾರೆ. ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿ ಎತ್ತರಕ್ಕೆ ನಿಲ್ಲಿಸುತ್ತೇವೆ, ಬರಲಾಗದವರಿಗೆಲ್ಲ ಪುಕ್ಕಟೆ ಹಂಚುತ್ತೇವೆ. ನೇಮ ಒಂದೇ. ಕೋಲಿನ ಸುತ್ತ ನಿಂತವರು ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಸೀನು ಬಂದರೆ ಶಾಲಿನೊಳಗೇ ಸೀನಬೇಕು. ಈ ನೇಮಕ್ಕೆ ಪೊಲೀಸು ನಾನೇ. ಯಾರಾದರೂ ಪಿಸುಗುಟ್ಟಿದರೆ ಸಾಕು, ತಿರುಗಿ ‘ಶ್’ ಅನ್ನುತ್ತೇನೆ. ಹಾಗಾಗಿ ಅಲ್ಲಿ ನನಗೆ ಶ್ ಅಕ್ಕ ಎಂದೇ ಹೆಸರು.

ನನ್ನ ಜೊತೆ ಕೋಲು ನೋಡಿಕೊಳ್ಳುವವನು ಬಸ್ಸಣ್ಣ. ಶಾಲೆಯ ಬಸ್ಸು ಓಡಿಸುತ್ತಾನೆ, ದಿನವಿಡೀ ಮಕ್ಕಳ ಗಲಾಟೆ ಕೇಳಿ ಭಾನುವಾರ ಇಲ್ಲಿ ಬಂದು ಬಾಯಿ ಮುಚ್ಚಿ ನಿಲ್ಲುವುದೆಂದರೆ ಅವನಿಗೆ ಸ್ವರ್ಗ. ವೇದಿಕೆಯನ್ನು ನೋಡಿದವನೇ ನನ್ನ ಕಿವಿಯ ಹತ್ತಿರ ಬಂದು, “ಅಕ್ಕಾ, ಎಣ್ಸಿ ನೋಡಿ, ಎರಡು ಮೈಕ್ ಜಾಸ್ತಿ ಇದೆ. ಯಾರೋ ಬರ್ತಾರೆ” ಅಂದ. ಈ ಬ್ಯಾಂಡಿನವರು ಅತಿಥಿಗಳ ಹೆಸರನ್ನು ಮೊದಲೇ ಸಾರುವುದಿಲ್ಲ. ಯಾರಿರಬಹುದು ಎಂದು ತಲೆ ಕೆಡಿಸಿಕೊಳ್ಳುವುದರಲ್ಲೇ ನಮಗೆ ಅರ್ಧ ಸುಖ.

ಮೊದಲು ಬಂದದ್ದು ಹಳೆಯ ಕೀಬೋರ್ಡಿನವರು! ಡ್ರಮ್ಮು ಬಾರಿಸುವ ಮುದುಕನ ಜೊತೆ (ಅವನನ್ನು ನಾವೆಲ್ಲ ಅಜ್ಜ ಅನ್ನುತ್ತೇವೆ) ಎಂದೋ ಜಗಳವಾಡಿ ಬ್ಯಾಂಡು ಬಿಟ್ಟವರು. ಇನ್ನು ಅವರಿಬ್ಬರೂ ಒಂದೇ ವೇದಿಕೆ ಹತ್ತುವುದು ಕನಸಿನ ಮಾತು ಎಂದುಕೊಂಡಿದ್ದೆವು. ನಿನ್ನೆ ತಾನೇ ಎದ್ದುಹೋದವರ ಹಾಗೆ ಬಂದು, ಯಾರ ಮುಖವನ್ನೂ ನೋಡದೆ ಕೂತು, ಹಾಡಿನ ನಡುವೆಯೇ ಸೇರಿಕೊಂಡುಬಿಟ್ಟರು. ಅಜ್ಜ ಬಾರಿಸುತ್ತಲೇ ಅಳುತ್ತಿದ್ದ. ತಗಡು ಹಾರಿಹೋಗುವಂತೆ ಜನ ಕೂಗಿದರು. ಬಸ್ಸಣ್ಣನಿಗೂ ಅಳು ತಡೆಯಲಿಲ್ಲ. ಆದರೆ ಮೈಕಿನ ಕೆಳಗಲ್ಲವೇ, ಪಾಪ, ಮಫ್ಲರಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅತ್ತ. ನಾನು ಅವನ ಬೆನ್ನು ತಟ್ಟಿದೆ, ಅದೂ ಮೆಲ್ಲಗೆ.

ಆಮೇಲೆ ಹಿಂದಿನ ಬಾಗಿಲಿನಿಂದ ಇನ್ನೊಬ್ಬ ಬಂದ. ಹುಬ್ಬಿನವರೆಗೆ ಇಳಿದ ಟೋಪಿ, ದೊಗಳೆ ಅಂಗಿ, ಕೈಯಲ್ಲಿ ಟ್ರಂಪೆಟ್ಟು. ಯಾರೋ ಹೊಸಬ ಎಂದುಕೊಂಡೆ. ವಾದ್ಯವನ್ನು ಬಾಯಿಗಿಡುವ ಮೊದಲು ಅವನು ತುಟಿಯನ್ನು ಎಡ ಭುಜಕ್ಕೆ ಒರೆಸಿಕೊಂಡ. ಹಾಲು ಕುಡಿದು ಅಂಗಿಯ ಭುಜಕ್ಕೇ ಬಾಯಿ ಒರೆಸಿ ನಿನ್ನ ಕೈಲಿ ಏಟು ತಿನ್ನುತ್ತಿದ್ದ ಹುಡುಗ ಈ ಲೋಕದಲ್ಲಿ ಒಬ್ಬನೇ. ಅಷ್ಟರಲ್ಲಿ ಹೊಸಬನಿಗೆ ಜಾಗ ಬಿಡಲೆಂದು ಬ್ಯಾಂಡಿನವರು ಒಬ್ಬೊಬ್ಬರಾಗಿ ಸದ್ದು ತಗ್ಗಿಸಿದರು. ಸೂಜಿ ಬಿದ್ದರೂ ಕೇಳುವಂಥ ಮೌನ. ಆ ಮೌನದಲ್ಲಿ ಯಾವಳೋ ಒಬ್ಬಳು ಗಂಟಲು ಹರಿಯುವಂತೆ “ಲೋ ಗುಂಡಾ!” ಎಂದು ಕೂಗಿದಳು. ಯಾರಪ್ಪಾ ಇವಳು ಎಂದು ತಿರುಗಿ ‘ಶ್’ ಅನ್ನಲು ಹೋದೆ. ಕೂಗಿದವಳು ನಾನೇ!

ಗುಂಡ ಊದಿದ ಮೊದಲ ಸ್ವರವೇ ಒಡೆದು ಕೋಳಿ ಕೂಗಿದಂತಾಯಿತು. ಇಡೀ ಶೆಡ್ಡು ನಕ್ಕಿತು. ನಿನ್ನ ಭಾವ ಎಚ್ಚೆತ್ತು “ಮುಗೀತಾ?” ಎಂದರು. ಭೂಮಿ ಬಾಯಿ ಬಿಡಬಾರದೇ ಎಂದು ನಿಂತಿದ್ದೆ. ಆಗ ಅಜ್ಜ ಏನು ಮಾಡಿದ ಗೊತ್ತೇ? ನನ್ನ ಕೂಗನ್ನೇ ಡ್ರಮ್ಮಿನ ಮೇಲೆ ಬಾರಿಸಿದ. ಲೋ ಗುಂಡಾ, ಲೋ ಗುಂಡಾ. ಗಿಟಾರಿನವನು ಅದನ್ನು ಹಿಡಿದ, ಕೀಬೋರ್ಡಿನವರು ತಿರುಚಿ ಮುರುಚಿ ಇನ್ನೊಂದು ರೂಪ ಕೊಟ್ಟರು. ಗುಂಡ ನಗು ನುಂಗಿಕೊಂಡು ಉಸಿರೆಳೆದು ಅದಕ್ಕೆ ಓಗೊಟ್ಟ. ಮೊದಮೊದಲು ಹೆದರಿ ಹೆದರಿ, ಆಮೇಲೆ ನೋಡು, ಅವನನ್ನು ಹಿಡಿಯುವವರೇ ಇಲ್ಲ. ಜನ ಚಪ್ಪಾಳೆಯ ಜೊತೆ ಅವನ ಹೆಸರನ್ನು ಕೂಗುತ್ತಿದ್ದರು. ತಂಗಿ, ಈ ಹುಡುಗ ನುಡಿಸುವುದನ್ನು ನಾವು ಯಾವಾಗಲೂ ಮುಚ್ಚಿದ ಬಾಗಿಲಿನ ಈಚೆಯಿಂದ ಕೇಳಿದವರು, ‘ಸಾಕು ನಿಲ್ಸೋ’ ಅಂದವರು. ಎದುರಿಗೆ ನಿಂತು ಕೇಳಿದ್ದು ಇದೇ ಮೊದಲು. ನನಗೆ ಬಹಳ ಸಂತೋಷವಾಯಿತು. ಅದಕ್ಕಿಂತ ಬೇರೆ ಮಾತು ತೋಚುತ್ತಿಲ್ಲ.

ಮುಗಿದ ಮೇಲೆ ಬಸ್ಸಣ್ಣನ ಮುಂದೆ ತಲೆ ತಗ್ಗಿಸಿ, “ನನ್ನ ಕೂಗನ್ನ ಕತ್ತರಿಸಿ ತೆಗೆದುಬಿಡಪ್ಪ” ಅಂದೆ. “ಎಲ್ಲಾದ್ರೂ ಉಂಟಾ ಅಕ್ಕಾ? ಅದನ್ನ ತೆಗೆದ್ರೆ ಅಜ್ಜ ಬಾರಿಸಿದ್ದು ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತಾಗತ್ತೆ? ಇನ್ಮೇಲೆ ನಮ್ಮನ್ನ ಮಾತ್ರ ಗದರಿಸಬೇಡಿ” ಅಂದ. ಈಗ ಕಂಡಕಂಡವರ ಮನೆಯಲ್ಲೆಲ್ಲ ನನ್ನ ಕಿರುಚಾಟ ಕೇಳಿಸಲಿದೆ. ಉಪದೇಶ ಮಾಡುವವರಿಗೆ ಹೀಗೇ ಆಗಬೇಕು.

ಶೆಡ್ಡಿನ ಹಿಂದೆ ಗುಂಡ ನನ್ನನ್ನು ತಬ್ಬಿಕೊಂಡು, “ದೊಡ್ಡಮ್ಮಾ, ಅಷ್ಟು ಜನರ ಮುಂದೆ ಮಾನ ಕಳ್ದುಬಿಟ್ಟೆಯಲ್ಲಾ!” ಎಂದು ನಕ್ಕ. ಆಗಲೇ ಕಿವಿ ಹಿಂಡಿದ್ದು. ಬೆಳಗ್ಗೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತಾನಂತೆ, ಸಂಜೆ ಕರೆದವರ ಜೊತೆ ನುಡಿಸುತ್ತಾನಂತೆ. ಅಜ್ಜ ಎಲ್ಲೋ ಕೇಳಿ ಮೆಚ್ಚಿ ಕರೆಸಿಕೊಂಡನಂತೆ. ಕೆನ್ನೆ ಸ್ವಲ್ಪ ಇಳಿದಿದೆ, ಹೆಸರಿಗಷ್ಟೇ ಗುಂಡ. ನಿನ್ನ ಭಾವ ತಂದಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಎಲ್ಲ ಅವನೇ ಖಾಲಿ ಮಾಡಿದ. ಮಾತಾಡುವಾಗ ಕಣ್ಣು ಕಿರಿದು ಮಾಡುವುದನ್ನು ನೋಡಿ ಇವತ್ತು ಬೆಳಗ್ಗೆ ಅಂಗಡಿಗೆ ಎಳೆದುಕೊಂಡು ಬಂದೆ. ದೂರದ್ದು ಏನೂ ಸರಿಯಾಗಿ ಕಾಣುವುದಿಲ್ಲ. ನಿನ್ನೆ ನನ್ನನ್ನೂ ಧ್ವನಿಯಿಂದಲೇ ಗುರುತು ಹಿಡಿದನಂತೆ. ಕನ್ನಡಕ ಶನಿವಾರಕ್ಕೆ ಸಿದ್ಧವಾಗುತ್ತದೆ, ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ಹೇಳಿ ಬಸ್ಸು ಹತ್ತಿದ.

ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಹಲಗೆಯ ಮೇಲಿನ ಅಕ್ಷರ ಕಾಣದವರೇ ಇರಬೇಕು. ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಓದುವಾಗ ದೀಪ ಹಾಕಿಕೋ. ನೀನು ತಣ್ಣಗಿರು, ನಿನ್ನ ಮನೆ ಬೆಳಕಾಗಿರಲಿ.

ಇತಿ ನಿನ್ನ ಪ್ರೀತಿಯ
ಅಕ್ಕ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ಇಷ್ಟುದ್ದ ಬರೆದವಳು ಒಂದು ಸಂಗತಿಯನ್ನು ನುಂಗಿಕೊಂಡಿದ್ದೇನೆ, ನೀನಾಗಲೇ ಸಾಲು ಸಾಲಿನಲ್ಲಿ ಅದನ್ನೇ ಹುಡುಕಿರುತ್ತೀಯ. ಅವನು ನಿನ್ನ ಬಗ್ಗೆ ಕೇಳಲಿಲ್ಲ. ದೊಡ್ಡಪ್ಪನ ಮಂಡಿಯನ್ನು ಕೇಳಿದ, ಅಂಗಡಿಯ ಬೆಕ್ಕನ್ನು ಕೇಳಿದ, ನಿನ್ನನ್ನು ಕೇಳಲಿಲ್ಲ. ಬೆಳಗ್ಗೆ ಪರೀಕ್ಷೆಯ ಕನ್ನಡಕ ಅವನ ಮೂಗಿನ ಮೇಲಿದ್ದಾಗ, ಈಗ ಎದ್ದು ಹೋಗಲಾರ ಎಂಬ ಧೈರ್ಯದಲ್ಲಿ ನಾನೇ ಬಾಯಿ ಬಿಟ್ಟೆ. “ಒಂದ್ಸಲ ಮನೆಗೆ ಹೋಗಿ ಬಾರೋ. ಅಮ್ಮನ ಮೇಲೆ ಇನ್ನೂ ಸಿಟ್ಟಾ?” “ಸಿಟ್ಟೆಲ್ಲಿ ದೊಡ್ಡಮ್ಮಾ” ಅಂದ. “ಇದನ್ನ ಊದೋದು ಬಿಟ್ಟ ದಿನ ಮನೆಗೆ ಬಾ, ಅಲ್ಲೀವರೆಗೆ ನಂಗೆ ಮಗ ಇಲ್ಲ ಅಂದಿದ್ಳು ಅಮ್ಮ. ನಾನಿನ್ನೂ ಬಿಟ್ಟಿಲ್ಲವಲ್ಲ. ಹೇಗೆ ಹೋಗ್ಲಿ?”

ತಮಾಷೆ ಮಾಡುತ್ತಿದ್ದಾನೇನೋ ಎಂದು ಮುಖ ನೋಡಿದೆ. ಇಲ್ಲ, ತಾಯಿ ಹೇಳಿದ ಮಾತನ್ನು ನಡೆಸುವವನ ಹಾಗೇ ಕೂತಿದ್ದ. ಅಂಥ ಮಾತು ಆಡಿದ್ದೆಯೆಂದು ನೀನು ನನಗೆ ಯಾವತ್ತೂ ಹೇಳಲಿಲ್ಲ. ಬೈಯಲು ಬರೆಯುತ್ತಿಲ್ಲ, ಸಿಟ್ಟಿನಲ್ಲಿ ಯಾರ ಬಾಯಿಂದ ಏನು ಬರುವುದಿಲ್ಲ? ನೀನು ಅವನು ಬರಲಿ ಎಂದು ಕೂತಿದ್ದೀಯ, ಅವನು ನೀನು ಕರೆಯಲಿ ಎಂದು ಕೂತಿದ್ದಾನೆ. ನಾನು ಎಷ್ಟು ಹೇಳಿದರೂ ಅವನು, “ನೀನು ಹೇಳ್ತೀಯ, ಅಮ್ಮ ಹೇಳಿಲ್ವಲ್ಲ” ಎಂದ. ಶನಿವಾರ ಬೆಳಗ್ಗೆ ಅವನು ಇಲ್ಲಿಗೆ ಬರುವ ಹೊತ್ತಿಗೆ ನೀನೂ ಬಾ, ತಂಗಿ. ಬಂದು ನೀನೇ ಹೇಳು.