ಹನ್ನೆರಡನೇ ಕೊಳವೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಬಂದು ಆರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸದ ಗಡಿಬಿಡಿ ಎನ್ನಬಹುದು, ಅರ್ಧ ನಿಜವೇ. ನಾವಿಬ್ಬರೂ ಕ್ಷೇಮ. ನಿನ್ನ ಭಾವ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ. ಮೂಗಿನ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾರೆ.

ಡಿಸೆಂಬರಿನಲ್ಲಿ ಬಂದಾಗ ನಮ್ಮ ಪ್ರಯೋಗಾಲಯಕ್ಕೆ ಒಂದು ಕೊಳವೆ ರಕ್ತ ಕೊಟ್ಟೆಯಲ್ಲ, ಅದರ ಕಥೆ ಕೇಳು. ಆಮ್ಲಜನಕ ಹೊರುವ ಕೆಂಪು ರಕ್ತಕಣ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸ್ಟೀರಾಯ್ಡ್ ಹಾರ್ಮೋನು ಒಳಗೆ ಬಂದರೆ ಅದನ್ನು ನಿಧಾನವಾಗಿ ಬೇರೆ ರೂಪಕ್ಕೆ ತಿರುಗಿಸುತ್ತದೆ. ವಿಟಮಿನ್ ಸೇರಿದರೆ ಆ ಕೆಲಸದ ವೇಗ ಬದಲಾಗುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ. ಹೋಲಿಸಿ ನೋಡಲು ವಿಟಮಿನ್ ಮಾತ್ರೆ ನುಂಗದ ಹನ್ನೆರಡು ಹೆಂಗಸರ ರಕ್ತ ಬೇಕಿತ್ತು. ಹನ್ನೊಂದು ಸಿಕ್ಕಿತ್ತು. ನಿನ್ನನ್ನು ನಾನೇ ಎಳೆದುಕೊಂಡು ಹೋದೆ.

"ಮಾತ್ರೆ ಗೀತ್ರೆ ಏನಾದ್ರೂ ತಗೋತೀಯೇನೇ?" ಎಂದು ಕೇಳಿದೆ. "ಇಲ್ಲಕ್ಕಾ" ಎಂದೆ, ಗೋಡೆ ನೋಡುತ್ತ. ಸೂಜಿಯ ಭಯವೆಂದುಕೊಂಡೆ.

ಹನ್ನೊಂದು ಕೊಳವೆ ಒಂದು ದಾರಿ ಹಿಡಿದರೆ ನಿನ್ನದು ಇನ್ನೊಂದು. ನನ್ನ ಕೈಯದೇ ತಪ್ಪೆಂದು ಮೂರು ಸಲ ಮಾಡಿದೆ. ಗಾಜು ತೊಳೆಯುವ ಅಜ್ಜಿ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀವೊಬ್ರು, ನೆಲ ಡೊಂಕಿದ್ರೂ ಕಾಲಿಗೇ ಬೈಕೋತೀರ!" ನಮ್ಮ ಮೇಡಂ, "ಅದೊಂದನ್ನ ಬಿಟ್ಹಾಕಿ, ಆದ್ರೆ ಕಾರಣ ಬರೀಬೇಕು" ಎಂದರು.

ಕಾರಣಕ್ಕಾಗಿ ಕಣಗಳೊಳಗಿನ ಫೋಲಿಕ್ ಆಮ್ಲ ಅಳೆದೆ. ಅದೂ ಒಂದು ವಿಟಮಿನ್ನೇ. ನಿನ್ನದರಲ್ಲಿ ಉಳಿದವರ ಮೂರು ಪಟ್ಟು ಇತ್ತು. ರಕ್ತಕಣ ಹುಟ್ಟುವಾಗ ತುಂಬಿಕೊಂಡದ್ದನ್ನು ಸಾಯುವ ತನಕ, ಅಂದರೆ ಸುಮಾರು ನಾಲ್ಕು ತಿಂಗಳು, ಇಟ್ಟುಕೊಂಡಿರುತ್ತದೆ. ಒಂದೆರಡು ದಿನ ನುಂಗಿದರೆ ಅಷ್ಟು ಆಗುವುದಿಲ್ಲ. ಮಗು ಬೇಕೆನ್ನುವವರು ಆ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲವೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಪ್ರಯೋಗದ ಪುಸ್ತಕದಲ್ಲಿ "ದಾನಿ ಮಾತ್ರೆ ಸೇವಿಸುತ್ತಿದ್ದರು" ಎಂದಷ್ಟೇ ಬರೆದು ಆ ಕೊಳವೆಯನ್ನು ಕೈಬಿಟ್ಟೆ. ಯಾರದೆಂದು ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ. ಈಗ ಬೇರೆ ಹನ್ನೆರಡನೆಯವರನ್ನು ಹುಡುಕುತ್ತಿದ್ದೇನೆ.

ಹೊತ್ತು ಹೊತ್ತಿಗೆ ಊಟ ಮಾಡು. ಭಾರ ಎತ್ತಬೇಡ. ನಿಮ್ಮಿಬ್ಬರಿಗೂ, ಬರುವವರಿದ್ದರೆ ಅವರಿಗೂ, ಒಳ್ಳೆಯದಾಗಲಿ.

ನಿನ್ನ,
ಅಕ್ಕ

ಮರೆತ ಮಾತು: ಅದೇ ಮಾತ್ರೆಯನ್ನು ನಾನು ಆರು ವರ್ಷ ನುಂಗಿದೆ. ಮೂರು ಸಲ ಬಸಿರು ನಿಂತು, ಮೂರು ಸಲವೂ ಹೋಯಿತು. ಪ್ರತಿ ಸಲವೂ ಮೊದಲು ಹೇಳಿದ್ದು ನಿನಗೇ. ನೀನು ಒಂದು ವಾರ ನಮ್ಮ ಮನೆಯಲ್ಲಿದ್ದೆ, ಒಂದೇ ಮಂಚದ ಮೇಲೆ ಬಿದ್ದುಕೊಂಡು ಊರ ಸುದ್ದಿಯೆಲ್ಲ ಹರಟಿದೆ, ಇದೊಂದನ್ನು ಹೇಳಲಿಲ್ಲ. ಅದರಿಂದ ನನಗೆ ತುಂಬ ನೋವಾಗಿದೆ, ಗುಬ್ಬಿ. ಅಕ್ಕನಿಗೆ ಸಂಕಟವಾದೀತೆಂದು ಮುಚ್ಚಿಟ್ಟೆಯೋ, ಅಕ್ಕನ ದೃಷ್ಟಿ ತಾಗೀತೆಂದೋ? ಮೊದಲನೆಯದಾದರೆ ಬರೆದು ತಿಳಿಸು. ಎರಡನೆಯದಾದರೆ, ಮೊದಲನೆಯದೆಂದೇ ಬರೆ. ಈ ಸಲ ನಾನು ಪರೀಕ್ಷೆ ಮಾಡುವುದಿಲ್ಲ.