ಶರ್ವರಿಯ ತೂಕ

ಖಾನಾಪುರ
೧೪ ಅಕ್ಟೋಬರ್ ೨೦೨೪

ಪ್ರೀತಿಯ ಕೌಸರ,

ಹೇಗಿದ್ದೀಯೇ? ಅಮ್ಮೀಯ ಮಂಡಿ ಆಪರೇಶನ್ ಸುಸೂತ್ರವಾಯಿತೇ? ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಸಂಸ್ಥೆಯಿಂದ ತೆಗೆದುಹಾಕಿದ ಮೇಲೆ ಬೆಳಗಾವಿಯ ಕಚೇರಿಯ ಹೆಸರು ಕೇಳಿದರೂ ಮೈ ಉರಿಯುತ್ತಿತ್ತು. ಈಗ ಹೊಟ್ಟೆ ತಣ್ಣಗಾಗಿದೆ, ಕೇಳು.

ಹನ್ನೊಂದು ವರ್ಷ ಕಣಕುಂಬಿ ಸುತ್ತಲಿನ ಮಕ್ಕಳನ್ನು ತೂಗಿ ಬರೆದುಕೊಟ್ಟವಳು ನಾನು, ಕಚೇರಿಯಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸಿದವಳು ನೀನು. ಮಳೆಗಾಲದಲ್ಲಿ ಅಲ್ಲಿನ ಮಕ್ಕಳ ತೂಕ ಇಳಿಯುತ್ತದೆ. ಇಳಿದದ್ದನ್ನೇ ಬರೆದೆ. ಉಳಿದ ಕಾರ್ಯಕರ್ತೆಯರ ಪಟ್ಟಿಯಲ್ಲಿ ಏರುತ್ತಲೇ ಇತ್ತು. ಹೋದ ವರ್ಷ ಜುಲೈನಲ್ಲಿ ನಿರ್ದೇಶಕ ಬಾಳಾಸಾಹೇಬರು ಎಲ್ಲರೆದುರು, "ನಿಮ್ಮ ಲೆಕ್ಕ ಒಂದ ಯಾಕ್ರೀ ಬ್ಯಾರೆ? ಮನ್ಯಾಗ ಕುಂತ ಬರದೀರಿ" ಎಂದು ಹೊರಗೆ ಹಾಕಿದ್ದು ನಿನಗೆ ಗೊತ್ತೇ ಇದೆ.

ಈ ವರ್ಷ ಆ ಪಟ್ಟಿಗಳಿಂದ ಏನಾದರೂ ಉಪಯೋಗವಾಗಲಿ ಎಂದು ಅಂಕಿಅಂಶ ಬಲ್ಲ ಸೃಷ್ಟಿ ಎಂಬ ಹುಡುಗಿಯನ್ನು ಕರೆಸಿದರು. ಅವಳು ಎಲ್ಲವನ್ನೂ ಓದಿ ನೇರ ನನ್ನ ಮನೆಗೆ ಬಂದಳು. "ಅಕ್ಕಾರ, ಉಳದವ್ರ ಹುಡುಗೂರೆಲ್ಲಾ ತಿಂಗಳಾ ಸರಿಯಾಗಿ ಇನ್ನೂರ ಗ್ರಾಮ್ ಏರ್ಯಾವ. ಹಂಗ ಎಲ್ಲೆರ ಬೆಳೀತಾವೇನ್ರಿ? ನಿಮ್ಮವಷ್ಟ ಖರೇ ಅನಸ್ತಾವ" ಎಂದಳು. ಚಹಾ ಕೊಡುವುದನ್ನೂ ಮರೆತು ಅತ್ತುಬಿಟ್ಟೆ.

ಆಮೇಲೆ ಅಳಲಿಲ್ಲ. ನನ್ನ ಹಳೆಯ ತೂಕದ ವಹಿ ತೆಗೆದೆ. ಪದ್ಮವ್ವನ ಎರಡು ವರ್ಷದ ಮಗಳು ಶರ್ವರಿ, ನಾನು ಕೊನೆಗೆ ತೂಗಿದಾಗ ಏಳು ಕಿಲೋ. ಕೂಡಲೇ ದವಾಖಾನೆಗೆ ಒಯ್ಯಬೇಕೆಂದು ಬರೆದಿದ್ದೆ. ಆ ಪಟ್ಟಿಯೇ ಸುಳ್ಳೆಂದು ಮೂಲೆಗೆ ಒಗೆದಿದ್ದರು. ಮರು ತಿಂಗಳೇ, ಆಗಸ್ಟಿನಲ್ಲಿ, ಮಗು ತೀರಿತು. ನನ್ನ ಜಾಗಕ್ಕೆ ಬಂದವಳ ಪಟ್ಟಿಯಲ್ಲಿ ಮಾತ್ರ ಡಿಸೆಂಬರಿನ ತನಕ ಅದರ ತೂಕ ಏರುತ್ತಲೇ ಇದೆ.

ಮೊನ್ನೆ ವಾರ್ಷಿಕ ಸಭೆ, ಸೃಷ್ಟಿ ನನ್ನನ್ನೂ ಕರೆಸಿದ್ದಳು. ನೀನು ರಜೆಯಲ್ಲಿದ್ದೆ, ಇದ್ದು ನೋಡಬೇಕಿತ್ತು. ದಾನಿಗಳೆಲ್ಲ ಕುಳಿತಿದ್ದಾಗ ಅವಳು ಶರ್ವರಿಯ ತೂಕ ಏರಿದ ಆ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿದಳು. "ಸಾಹೇಬ್ರ, ಜೋರಾಗಿ ಓದ್ರಿ" ಎಂದೆ. ಓದಿದರು. ಸೆಪ್ಟೆಂಬರಿಗೆ ಬಂದಾಗ, ನಾನೇ ಕರೆತಂದಿದ್ದ ಪದ್ಮವ್ವ ಹಿಂದಿನಿಂದ ಎದ್ದಳು. "ಸತ್ತ ಕೂಸಿನ್ನ ಯಾರ್ ತೂಗ್ಯಾರ್ರಿ?"

ಬಾಳಾಸಾಹೇಬರಿಗೆ ನೀರು ತಂದುಕೊಡಬೇಕಾಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಎದುರಿಗೆ ಕುಳಿತು ಉಣ್ಣಿಸುವ ಸುಖ ನನಗೆ ಮೊನ್ನೆ ತಿಳಿಯಿತು. ಅವರ ಕುರ್ಚಿ ಹೋಯಿತು. ನನ್ನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ತೂಕ ಇಳಿದ ಮಗುವಿನ ಮನೆಗೆ ಇನ್ನು ಅದೇ ವಾರ ಹೋಗಲೇಬೇಕು ಎಂಬ ನಿಯಮವೂ ಆಗಿದೆ.

ಅಮ್ಮೀಗೆ ನನ್ನ ಸಲಾಮು ಹೇಳು. ನಿನ್ನ ಮಗಳು ಸನಮಳಿಗೆ ಆಶೀರ್ವಾದ, ಮೈಕೈ ತುಂಬಿಕೊಂಡು ನೂರು ವರ್ಷ ಬಾಳಲಿ.

ನಿನ್ನ
ರಾಜಮತಿ

ತಾ.ಕ.: ನನ್ನ ಸಾಲಿಗೆ ಕೆಂಪು ಬಳಿದು, "ಉಳಿದವರೊಂದಿಗೆ ಹೊಂದುವುದಿಲ್ಲ, ಸುಳ್ಳಿರಬೇಕು" ಎಂದು ಬರೆದ ಹಾಳೆ ಸೃಷ್ಟಿ ತಂದ ಕಡತದಲ್ಲಿ ಸಭೆಗೆ ಮುಂಚೆಯೇ ಸಿಕ್ಕಿತ್ತು. ಕೆಳಗೆ ನಿನ್ನ ಸಹಿ ಇದೆ. ಹನ್ನೊಂದು ವರ್ಷ ನಿನ್ನ ಡಬ್ಬಿಯಲ್ಲಿ ಉಂಡವಳನ್ನು ಒಂದು ಮಾತು ಕೇಳಬಾರದಿತ್ತೇ, ಕೌಸರ? ಸಭೆಯಲ್ಲಿ ಅದನ್ನು ತೋರಿಸಲಿಲ್ಲ. ಪದ್ಮವ್ವ ಸಿಕ್ಕಾಗಲೆಲ್ಲ ಕೇಳುತ್ತಾಳೆ, "ನಿಮ್ಮ ಪಟ್ಟಿ ಸುಳ್ಳ ಅಂತ ಬರದವ್ರು ಯಾರ್ರಿ?" ನಾನು ಹೇಳುವುದಿಲ್ಲ. ರವಿವಾರ ಮುಂಜಾನೆ ಖಾನಾಪುರ ಬಸ್‌ಸ್ಟ್ಯಾಂಡಿಗೆ ಬಾ, ಕಣಕುಂಬಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅವಳಿಗೆ ನೀನೇ ಹೇಳು.